ಕೋಗಿಲಿನ ಹಬ್ಬಗಳು, ನನ್ನ ಹೊಟ್ಟೆನೋವು

“ಹಬ್ಬಕ್ಕಾ ಮೇಡಂ?”

ಕೋಗಿಲು ಕ್ರಾಸಿನ ಮೆಡಿಕಲ್ ಶಾಪಿನವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಬೆಂಗಳೂರಿಗೆ ಬಂದು ಎರಡನೆಯ ತಿಂಗಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಐದು ದಿನ ಬಾಕಿ. ನಾನು ಹೋಗಿದ್ದು ಹೊಟ್ಟೆನೋವಿನ ಮಾತ್ರೆಗೆ. ನನ್ನ ಮುಂದೆ ನಾಲ್ವರು ಹೆಂಗಸರಿದ್ದರು. ಅವರು ಬಾಯಿ ಬಿಡುವ ಮೊದಲೇ ಅಂಗಡಿಯವನು ಡ್ರಾಯರ್ ಎಳೆದು, ಸಣ್ಣ ಬಿಳಿ ಮಾತ್ರೆಗಳ ಪಟ್ಟಿಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತಿದ್ದ, ಸಂತೆಯಲ್ಲಿ ಹೂವನ್ನು ಮೊಳ ಹಾಕಿ ಕೊಡುವ ಹಾಗೆ. “ಹಬ್ಬ ಮುಗಿದ್ಮೇಲೆ ನಿಲ್ಸಿಬಿಡಿ, ಎರಡ್ಮೂರು ದಿನಕ್ಕೆ ಆಗೋಗುತ್ತೆ” ಎಂದು ಎಲ್ಲರಿಗೂ ಒಂದೇ ಮಾತು. ಮುಟ್ಟನ್ನು ಮುಂದಕ್ಕೆ ಹಾಕುವ ಮಾತ್ರೆ ಅದು. ಅವನು ಡಾಕ್ಟರ ಚೀಟಿ ಕೇಳಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ರೋಣದ ಕಡೆಯ ನಮ್ಮ ಊರಿನಲ್ಲಿ ಔಷಧಿ ಅಂಗಡಿಯವರು ಪ್ಯಾಡನ್ನು ಮೊದಲು ಪೇಪರಿನಲ್ಲಿ ಸುತ್ತಿ, ಆಮೇಲೆ ಕಪ್ಪು ಚೀಲಕ್ಕೆ ಹಾಕಿ, ನಮ್ಮ ಮುಖ ನೋಡದೆ ಕೊಡುತ್ತಾರೆ. ಇಲ್ಲಿ ಅದೇ ವಿಷಯವನ್ನು ಹೋಟೆಲಿನಲ್ಲಿ “ಪಾರ್ಸೆಲ್ಲಾ?” ಎಂದಷ್ಟೇ ಸಲೀಸಾಗಿ ಕೇಳಿದ್ದ. ಏನೂ ಕೊಳ್ಳದೆ ವಾಪಸ್ ಬಂದೆ. ಆ ದಿನದ ಡೈರಿಯಲ್ಲಿ ಎರಡೇ ಸಾಲು ಇವೆ: “ನೋವು ಆರು. ಮಾತ್ರೆ ತರಲಿಲ್ಲ, ಗಾಬರಿಯಾಯಿತು.”

ಡೈರಿಯ ಚಟ ನನಗೆ ಹೈಸ್ಕೂಲಿನಿಂದ. ಮೊದಮೊದಲು ಮಳೆ, ಪರೀಕ್ಷೆ, ಓದಿದ ಪುಟ ಎಣಿಸುತ್ತಿದ್ದೆ. ಹದಿನಾಲ್ಕನೆಯ ವಯಸ್ಸಿನಿಂದ ನೋವನ್ನೂ ಸೊನ್ನೆಯಿಂದ ಹತ್ತರವರೆಗೆ ಅಳೆದು ಬರೆಯತೊಡಗಿದೆ. ಈಗಿನ ಕೆಲಸವೂ ಎಣಿಕೆಯದ್ದೇ. ಹೆಬ್ಬಾಳದ ಹತ್ತಿರ ಒಂದು ಖಾಸಗಿ ಬೀಜ ಪರೀಕ್ಷಾ ಪ್ರಯೋಗಾಲಯ. ಒದ್ದೆ ಕಾಗದದಲ್ಲಿ ನೂರು ಬೀಜ ಸುತ್ತಿಟ್ಟು, ಒಂದು ವಾರದ ನಂತರ ಬಿಚ್ಚಿ, ಮೊಳೆತವು ಎಷ್ಟು, ಕೊಳೆತವು ಎಷ್ಟು ಎಂದು ಬರೆಯಬೇಕು. ಸಾಲು ತಪ್ಪಿದರೆ ಮೊದಲಿನಿಂದ ಎಣಿಸಬೇಕು.

ಮನೆ ಸಿಕ್ಕಿದ್ದು ಯಲಹಂಕದ ಪಕ್ಕದ ಕೋಗಿಲಿನಲ್ಲಿ. ಮೊದಲು ಹಳ್ಳಿಯಾಗಿದ್ದದ್ದು ಇದು. ಈಗ ಹಳೆಯ ಮನೆಗಳ ಬೆನ್ನಿಗೇ ಮೂರು ಮಹಡಿಯ ಬಾಡಿಗೆ ಕಟ್ಟಡಗಳು ನಿಂತಿವೆ. ನನ್ನದು ಎರಡನೆಯ ಮಹಡಿಯಲ್ಲಿ ಒಂದೇ ಕೋಣೆ. ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು. ಓನರ್ ಜಯಮ್ಮನವರು ಕೆಳಗಿನ ಮನೆಯಲ್ಲಿ ಮಗ, ಸೊಸೆ ಶ್ವೇತಾ ಜೊತೆ ಇದ್ದಾರೆ. ಇದೇ ಊರಲ್ಲಿ ಹುಟ್ಟಿ, ಇದೇ ಊರಿಗೆ ಸೊಸೆಯಾದವರು. ಅವರ ಬಾಯಲ್ಲಿ ‘ಹ’ ಅಕ್ಷರ ನಿಲ್ಲುವುದಿಲ್ಲ. ಹಬ್ಬ ಅಬ್ಬವಾಗುತ್ತದೆ, ಹೋಗು ಓಗು ಆಗುತ್ತದೆ. ನನ್ನ ‘ಐತಿ’, ‘ಬ್ಯಾಡ’ ಕೇಳಿ ಅವರಿಗೆ ನಗು. ಅವರನ್ನು ಕೇಳಿ ನನಗೆ.

ಮೆಡಿಕಲ್ ಶಾಪಿನಿಂದ ಬಂದ ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಹಾಲು ತೆಗೆದುಕೊಳ್ಳುತ್ತಿದ್ದೆ.

“ಅಮ್ಮಣ್ಣೀ, ಶುಕ್ರವಾರ ಅಬ್ಬ. ನಿನ್ ಡೇಟು ಯಾವಾಗ?”

ಡೇಟು ಎಂದರೆ ತಿಂಗಳ ದಿನ ಎಂದು ಅರ್ಥವಾಗಲು ನನಗೆ ಎರಡು ಉಸಿರು ಹಿಡಿಯಿತು. “ಶುಕ್ರವಾರದ ಆಸುಪಾಸಿಗೇ ರೀ” ಎಂದೆ, ನೆಲ ನೋಡುತ್ತ.

“ಅಯ್ಯೋ! ಅಂಗಾದ್ರೆ ಮಾತ್ರೆ ತಗೋ. ನಮ್ ಶ್ವೇತಾನೂ ತಗೊಂಡವ್ಳೆ, ಮೇಲ್ಗಡೆ ಮನೆಯವ್ಳೂ ತಗೊಂಡವ್ಳೆ. ಎಲ್ರೂ ಮೂಲೆ ಇಡ್ಕೊಂಡ್ರೆ ಕಳಸ ನಾನೊಬ್ಳೇ ಕೂರಿಸ್ಬೇಕಾ?”

ಶ್ವೇತಾ ಬಾಗಿಲಿಂದ ಕೂಗಿದಳು, “ಅತ್ತೇ, ಹಾಲಿನವ್ನು ನಿಂತಿದಾನೆ, ಸ್ವಲ್ಪ ಮೆತ್ತಗೆ!”

“ನಿಂತ್ಕೊಳ್ಲಿ ಬಿಡೇ. ಅವನ್ಗೇನು ಎಂಡ್ತಿ ಇಲ್ವಾ?”

ಹಾಲಿನವನು ಚಿಲ್ಲರೆ ಎಣಿಸುವುದರಲ್ಲಿ ಮುಳುಗಿಹೋದ.

ನಮ್ಮಲ್ಲಿ ಇದಕ್ಕೆ ಬೇರೆಯೇ ವ್ಯವಸ್ಥೆ. ‘ಹೊರಗಾಗುವುದು’ ಎನ್ನುತ್ತಾರೆ, ಹಿತ್ತಲ ಖೋಲಿಯಲ್ಲಿ ಮೂರು ದಿನ. ಒಂದು ಚಾಪೆ, ಒಂದು ತಂಬಿಗೆ, ಒಂದು ತಟ್ಟೆ. ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಕಾಲೇಜಿನಲ್ಲಿದ್ದಾಗ ಅದರ ವಿರುದ್ಧ ಭಾಷಣ ಮಾಡಿ ಬಹುಮಾನವನ್ನೂ ತೆಗೆದುಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ತಿಳಿದದ್ದೇ ಬೇರೆ. ಆ ಖೋಲಿಯಲ್ಲಿ ನಾನು ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಹೊದಿಕೆಯ ತುದಿ ಕಚ್ಚಿಕೊಂಡು ಬಿದ್ದಿರುತ್ತಿದ್ದೆ. ಯಾರೂ ಒಳಗೆ ಬರುತ್ತಿರಲಿಲ್ಲವಾದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಕೆಲಸವನ್ನೂ ಹೇಳುತ್ತಿರಲಿಲ್ಲ. ಹೊಟ್ಟೆನೋವು ಎಲ್ಲರಿಗೂ ಇಷ್ಟೇ ಇರುತ್ತದೆ, ಅದಕ್ಕೇ ಹಿರಿಯರು ಖೋಲಿ ಕಟ್ಟಿಸಿದ್ದಾರೆ ಎಂದುಕೊಂಡಿದ್ದೆ. ಇಲ್ಲಿ ನನ್ನನ್ನು ಯಾರೂ ಹೊರಗೆ ಕೂರಿಸಲಿಲ್ಲ. ಆದ್ದರಿಂದ ಅದೇ ನೋವಿನಲ್ಲಿ ಬಸ್ಸು ಹತ್ತಬೇಕಾಯಿತು, ಹೆಬ್ಬಾಳದ ಫ್ಲೈಓವರ್ ಮೇಲೆ ಕಂಬಿ ಹಿಡಿದು ನಿಲ್ಲಬೇಕಾಯಿತು, ಬೀಜ ಎಣಿಸಬೇಕಾಯಿತು.

ಹೊಸ ಊರಲ್ಲಿ ಓನರ್ ಕರೆದಾಗ ಇಲ್ಲವೆನ್ನುವುದು ಹೇಗೆ? ಮಾತ್ರೆ ತಗೊಂಡೆ. ಹಬ್ಬ ಚೆನ್ನಾಗಿಯೇ ಆಯಿತು. ಕಳಸಕ್ಕೆ ಸೀರೆ ಉಡಿಸುವಾಗ ನೆರಿಗೆ ಹಿಡಿದದ್ದು ನಾನೇ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಲ್ಲಿ ಎಷ್ಟು ಜನ ಆ ಬಿಳಿ ಮಾತ್ರೆ ನುಂಗಿ ಬಂದಿರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕೂತಿದ್ದೆ.

ಮಾತ್ರೆ ನಿಲ್ಲಿಸಿದ ಮೂರನೆಯ ದಿನ ಪ್ರಯೋಗಾಲಯದಲ್ಲಿ ಜೋಳದ ಸುರುಳಿ ಬಿಚ್ಚುತ್ತಿದ್ದೆ. ಅರವತ್ತೆರಡನೆಯ ಬೀಜದವರೆಗೆ ನೆನಪಿದೆ. ಆಮೇಲೆ ನೆಲ ತಣ್ಣಗೆ ಕೆನ್ನೆಗೆ ತಾಗಿದ್ದು ನೆನಪಿದೆ. ಆರ್.ಟಿ. ನಗರದಿಂದ ಬರುವ ಸಹೋದ್ಯೋಗಿ ರೇಷ್ಮಾ ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. “ಏ ಗಿರಿಜಾ, ಇದು ಮಾಮೂಲಿ ಅಲ್ಲ ಕಣೇ. ನಮ್ಮನೇಲಿ ಐದು ಜನ ಹೆಣ್ಮಕ್ಕಳು, ಯಾರೂ ಹಿಂಗೆ ಬಿದ್ದಿಲ್ಲ. ನಡಿ ಆಸ್ಪತ್ರೆಗೆ.” ಹತ್ತು ವರ್ಷದಲ್ಲಿ ‘ಮಾಮೂಲಿ ಅಲ್ಲ’ ಎಂದು ಯಾರೋ ಹೇಳಿದ್ದು ಅದೇ ಮೊದಲು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಎಷ್ಟು ವರ್ಷದಿಂದ ಹೀಗೆ?”

“ಹತ್ತು.”

“ಯಾರಿಗೂ ತೋರಿಸ್ಲಿಲ್ವಾ?”

“ಮೂರು ದಿನ ಹೊರಗೆ ಕೂರ್ತಿದ್ದೆ ಮೇಡಂ. ಯಾರೂ ನೋಡ್ತಿರ್ಲಿಲ್ಲ.”

ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೋಡೆಯಲ್ಲಿ ಇರಬೇಕಾದಂಥ ಪದರ ಹೊರಗೂ ಅಲ್ಲಲ್ಲಿ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಸುತ್ತ. ತಿಂಗಳು ಬಂದಾಗ ಅದೂ ರಕ್ತ ಸುರಿಸುತ್ತದೆ, ಆದರೆ ಆ ರಕ್ತಕ್ಕೆ ಹೊರಬರುವ ದಾರಿ ಇಲ್ಲ. ನನ್ನ ಎಡ ಅಂಡಾಶಯದಲ್ಲಿ ಅಂಥ ಹಳೆಯ ರಕ್ತ ತುಂಬಿದ ಒಂದು ಗಂಟು ಇತ್ತು. ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರಂತೆ. ಆ ಹೆಸರು ಕೇಳಿ ನನಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟೆ.

ಇನ್ನೂ ಒಂದು ಆಘಾತ ಬಾಕಿ ಇತ್ತು. ಅಂಗಡಿಯಿಂದ ತಂದು ನುಂಗಿದ್ದಕ್ಕೆ ಬೈದ ಡಾಕ್ಟರಮ್ಮ, ಚೀಟಿಯಲ್ಲಿ ಬರೆದುಕೊಟ್ಟದ್ದು ಅದೇ ಜಾತಿಯ ಹಾರ್ಮೋನಿನ ಇನ್ನೊಂದು ಮಾತ್ರೆ! ಇದು ದಿನಾ, ತಪ್ಪದೆ, ಅವರು ಹೇಳುವವರೆಗೆ. ಮುಟ್ಟು ನಿಲ್ಲುತ್ತದೆ, ನೋವೂ ತಗ್ಗಬಹುದು. ಮೊದಲ ಕೆಲವು ತಿಂಗಳು ಮಾತ್ರ ಯಾವಾಗೆಂದರೆ ಆವಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಬಹುದು. “ಗಂಟು ದೊಡ್ಡದಿದೆ. ಹಬ್ಬಗಳು ಮುಗೀಲಿ, ಆಪರೇಷನ್ ಮಾಡೋಣ. ಆಗ ಮನೆಯಿಂದ ಒಬ್ಬರು ಜೊತೆಗಿರ್ಲೇಬೇಕು. ಅಮ್ಮಂಗೆ ಹೇಳಿ.”

ಅಮ್ಮಂಗೆ ಹೇಳಿ. ಆ ಮಾತು ಗಂಟಿಗಿಂತ ಭಾರವಾಗಿತ್ತು. ಅಕ್ಕನ ಮದುವೆಯಾಗಿ ವರ್ಷವಾಗಿಲ್ಲ. ಆಮೇಲಿನ ಸರದಿ ನನ್ನದು. ನಮ್ಮ ಕಡೆ ಗರ್ಭಕೋಶದ ಕಾಯಿಲೆ ಎಂದು ಒಬ್ಬರ ಕಿವಿಗೆ ಬಿದ್ದರೆ, ಸಂಜೆಯೊಳಗೆ ಅದು ‘ಮಕ್ಕಳಾಗೂದಿಲ್ಲಂತ’ ಎಂದಾಗಿ ಊರು ಸುತ್ತಿ ಬರುತ್ತದೆ. ಅವ್ವನಿಗೆ ಫೋನ್ ಮಾಡಿದಾಗಲೆಲ್ಲ ಆ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆ: ನೀರಿನ ಟ್ಯಾಂಕರ್, ಸಿಹಿ ಸಾಂಬಾರು, ಸೊಪ್ಪಿನ ರೇಟು.

ಡಾಕ್ಟರ್ ಹೇಳಿದಂತೆಯೇ ಆಯಿತು. ಗೌರಿ ಗಣೇಶಕ್ಕೆ ರಕ್ತ ಕಂಡಿತು, ಹನ್ನೊಂದು ದಿನ. ದಸರೆಗೆ ಮತ್ತೆ. ಇದು ಮುಟ್ಟೋ ಅಲ್ಲವೋ ನನಗೇ ಗೊತ್ತಿಲ್ಲದೆ, ಜಯಮ್ಮನವರ ಪೂಜೆಗೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ. ಭಾಷಣಕ್ಕೆ ಬಹುಮಾನ ಪಡೆದವಳು, ಯಾರೂ ಬೇಡವೆನ್ನದಿದ್ದರೂ ಕೋಣೆಯ ಚಿಲಕ ಹಾಕಿಕೊಂಡು ನನ್ನನ್ನು ನಾನೇ ಹೊರಗೆ ಕೂರಿಸಿಕೊಂಡಿದ್ದೆ. ಆಯುಧಪೂಜೆಯ ದಿನ ಜಯಮ್ಮನವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಏನಮ್ಮಣ್ಣಿ, ಅಬ್ಬದಿಂದ ಅಬ್ಬಕ್ಕೆ ತಪ್ಪಿಸ್ಕೊಂಡು ತಿರುಗ್ತಾ ಇದೀಯಾ. ಮನೆ ಖಾಲಿ ಮಾಡ್ತೀಯಾ ಎಂಗೆ?”

ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೇಳಿ, ಗಲ್ಲಕ್ಕೆ ಕೈಯಿಟ್ಟು ಯೋಚಿಸಿದರು.

“ಅಂದ್ರೆ ಇದು ಮಾತ್ರೆಯಿಂದ ಬರ್ತಿರೋದು. ತಿಂಗಳಿಂದು ಅಲ್ಲ.”

“ಅಲ್ಲ ರೀ.”

“ಅಂಗಾದ್ರೆ ಗಾಯ ಇದ್ದಂಗೆ. ಗಾಯಕ್ಕೆ ಎಂಥ ಮೈಲಿಗೆ? ಎದ್ದೇಳು, ಕುಂಬಳಕಾಯಿ ಒಡೀಬೇಕು, ಕಡ್ಲೆಪುರಿ ಅಂಚೋಕೂ ಜನ ಇಲ್ಲ.”

ಶ್ವೇತಾ ಕೆಳಗಿನಿಂದ, “ಹಾಗಾದ್ರೆ ನಂಗೂ ಇನ್ಮೇಲೆ ಗಾಯಾನೇ ಅತ್ತೇ!” ಎಂದು ಕೂಗಿದಳು. “ನಿಂದು ಕೊಬ್ಬು ಕಣೇ” ಎಂದರು ಜಯಮ್ಮ. ಸಂಜೆಯೊಳಗೆ ಮೂರೂ ಮಹಡಿಗೆ ನನ್ನ ಅಂಡಾಶಯದ ಸುದ್ದಿ ತಲುಪಿತ್ತು. ಕಡಲೆಪುರಿ ಹಂಚುತ್ತಿದ್ದವಳಿಗೆ ಒಬ್ಬೊಬ್ಬರೂ ತಮ್ಮದೊಂದು ಸ್ಕ್ಯಾನಿನ ಕತೆ ಹೇಳಿದರು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ಆ ವಾರವೇ ಅವ್ವನ ಫೋನು. “ದೀಪಾವಳಿಗೆ ನಾಕ್ ದಿನ ಸೂಟಿ ಹಾಕಿ ಬಾ. ಅಕ್ಕನ ಮೊದಲ್ನೇ ಅಳಿಯತನ ಐತಿ.” ಹೊಸ ಅಳಿಯನನ್ನು ಕರೆಸಿ ಉಣಿಸಿ, ಉಡುಗೊರೆ ಕೊಡುವುದಕ್ಕೆ ನಮ್ಮಲ್ಲಿ ಅಳಿಯತನ ಎನ್ನುತ್ತಾರೆ. “ಬೀಗತೇರೂ ಬರ್ತಾರ.” ದನಿ ಇಳಿಸಿ, “ಮತ್ತ… ಗುಳಿಗಿ ತಗೊಂಡು ಬಾ. ಮಂದ್ಯಾಗ ಹೊರಗಾದಿ ಅಂದ್ರ ತ್ರಾಸ.”

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದೆ. ಜೀವಮಾನದಲ್ಲಿ ಆ ವಿಷಯದ ಹೆಸರನ್ನೇ ಎತ್ತದ ಅವ್ವನಿಗೂ ಆ ಮಾತ್ರೆ ಗೊತ್ತಿತ್ತು.

ಯಶವಂತಪುರದಿಂದ ರೈಲು ಹತ್ತಿದೆ. ದೀಪಾವಳಿಯ ಮೊದಲ ದಿನ, ನೀರು ತುಂಬುವ ದಿನ, ಸಂಜೆ ಅಡುಗೆಮನೆಯಲ್ಲಿ ಅವ್ವ ಕರ್ಚಿಕಾಯಿಗೆ ಹೂರಣ ತುಂಬುತ್ತಿದ್ದಳು, ನಾನು ಅಂಚು ಮಡಚುತ್ತಿದ್ದೆ. ನಡು ಹಿಡಿದುಕೊಂಡಿತ್ತು, ರಕ್ತವೂ ಕಂಡಿತ್ತು. ಅಕ್ಕನ ಅತ್ತೆ, ಅಂದರೆ ನಮ್ಮ ಬೀಗತಿ, ಪಡಸಾಲೆಯಲ್ಲಿದ್ದರು. ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದೆ: ರೋಗದ ಹೆಸರು, ಗಂಟು, ದಿನದ ಗುಳಿಗೆ, ಆಪರೇಷನ್.

ಅವ್ವನ ಕೈ ನಿಂತಿತು. “ಬೀಗತೇರಿಗೆ ಗೊತ್ತಾತೇನು?”

“ಇಲ್ಲ.”

“ಅಕ್ಕಗ?”

“ನಿನಗ ಮೊದಲು ಹೇಳಾಕತ್ತೇನಿ.”

“ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ.” ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಪಡಸಾಲೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಅಂದಳು: “ಏ ಗಿರಿಜಾ, ಈಗ ಆದಿ ಏನ? ಹಂಗಾದ್ರ ಒಳಗ ನಿಂದ್ರಬ್ಯಾಡ, ಹೊರಗ ನಡಿ!”

ಪಡಸಾಲೆಯಿಂದ ಬೀಗತಿ ಲೊಚಗುಟ್ಟಿದರು, “ಅಯ್ಯ, ಹಬ್ಬದಾಗ ನೋಡ್ರಿ ಪಾಪ.” ನಾನು ಕೈಯಲ್ಲಿನ ಕರ್ಚಿಕಾಯಿಯನ್ನು ಹಾಗೇ ಇಟ್ಟು ಹಿತ್ತಲ ಖೋಲಿಗೆ ಹೋದೆ. ಬೆಂಗಳೂರಿನಲ್ಲಿ ಓನರಮ್ಮ ಗಾಯ ಎಂದು ಕರೆದು ಒಳಗೆ ಸೇರಿಸಿಕೊಂಡದ್ದನ್ನು, ಇಲ್ಲಿ ಹೆತ್ತ ತಾಯಿ ಮೈಲಿಗೆ ಎಂದು ಕರೆದು ಹೊರಗೆ ಹಾಕಿದ್ದಳು. ಸಿಟ್ಟಿನಿಂದ ಖೋಲಿಯ ಬಾಗಿಲನ್ನು ದಢಾರನೆ ಎಳೆದುಕೊಂಡೆ.

ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಚಾಪೆಯ ಜಾಗದಲ್ಲಿ ಗಾದಿ ಹಾಸಿದಳು, ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಹೊಟ್ಟೆಯ ಮೇಲಿಟ್ಟಳು. ಬಾಟಲಿ ಜಾರದಂತೆ ಅಂಗೈಯಿಂದ ಒತ್ತಿ ಹಿಡಿದು ಕೂತಳು. ಹೊರಗಾದವಳನ್ನು ಅವ್ವ ಮುಟ್ಟಿದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ.

“ಇಲ್ಲಾಂದ್ರ ನಿನ್ನ ಬೆಳತನಾ ಒಲಿ ಮುಂದ ನಿಲ್ಲಿಸಬೇಕಾಕ್ಕಿತ್ತು” ಎಂದಳು. “ಬ್ಯಾನಿ ಅಂದ್ರ ಹತ್ತು ಮಾತು ಕೇಳ್ತಾರ. ಹೊರಗಾಗ್ಯಾಳ ಅಂದ್ರ ಒಂದೂ ಕೇಳೂದಿಲ್ಲ. ಮಲಕೋ.”

ಎದ್ದು, ಸ್ನಾನ ಮಾಡದೆ, ನೆಟ್ಟಗೆ ಅಡುಗೆಮನೆಗೆ ಹೋದಳು. ಅಲ್ಲಿಂದ ದೇವರ ಮನೆಗೆ. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ.

ಸುಳ್ಳಿಗೂ ಒಂದು ಪಂಚಾಂಗ ಇರುತ್ತದೆ. ರಕ್ತ ಅರ್ಧ ದಿನಕ್ಕೆ ನಿಂತಿತು; ಆದರೂ ಮೂರು ದಿನ ಕೂರಲೇಬೇಕಾಯಿತು. ಮರುದಿನ ಎಣ್ಣೆನೀರಿನ ನಂತರ ನಮ್ಮ ತಮ್ಮನಿಗೆ, ಅಕ್ಕನ ಗಂಡನಿಗೆ ನಾನೂ ಎತ್ತಬೇಕಿದ್ದ ಆರತಿಯ ಹಾಡು ಖೋಲಿಗೆ ಕೇಳಿಸಿತು. ಅಕ್ಕ ದೂರದಿಂದಲೇ ತಟ್ಟೆಗೆ ಕರ್ಚಿಕಾಯಿ ಹಾಕಿ, “ಹಬ್ಬದಾಗ ಬರೇ ನಿದ್ದಿ ಹೊಡಿತಿ, ಪುಣ್ಯಾ ಮಾಡೀದಿ ನೋಡು” ಎಂದು ಕಾಡಿಸಿ ಹೋದಳು. ನಿಜ ಹೇಳುತ್ತೇನೆ: ಆ ಮೂರು ದಿನ ಮಲಗಿದಷ್ಟು ಗಾಢವಾಗಿ ಬೆಂಗಳೂರಿನಲ್ಲಿ ಒಂದು ದಿನವೂ ಮಲಗಿಲ್ಲ. ಆ ಆರತಿಯ ಹಾಡನ್ನು ಗೋಡೆಯಾಚೆಯಿಂದ ಕೇಳಿದ ನೋವನ್ನು ಮಾತ್ರ ಸೊನ್ನೆಯಿಂದ ಹತ್ತರೊಳಗೆ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಅಂದಳು, “ಆಪರೇಷನ್ನಿಗೆ ನಾ ಬರ್ತೇನಿ. ಬೆಂಗಳೂರು ನೋಡಾಕ ಹೋಗೇನಿ ಅಂತ ಹೇಳ್ತೇನಿ.”

ಕಾರ್ತಿಕ ಮುಗಿದ ಮೇಲೆ ಬಂದಳು. ಗೇಟಿನ ಹತ್ತಿರ ಆಟೋ ನಿಲ್ಲುವುದೇ ತಡ, ಜಯಮ್ಮನವರು ಬೀದಿಗೆಲ್ಲ ಕೇಳುವಂತೆ, “ಬನ್ನಿ ಅಮ್ಮಾ, ಮಗಳ ಆಪ್ರೇಸನ್ನಿಗೆ ಬಂದ್ರಾ? ಎದರ್ಕೋಬೇಡಿ, ನಮ್ ಶ್ವೇತಂಗೂ ಗಡ್ಡೆ ಇತ್ತು” ಎಂದರು. ಅವ್ವ ಚೀಲ ಹಿಡಿದು ಕಲ್ಲಾಗಿ ನಿಂತಳು. ನಾನು ಜಯಮ್ಮನವರಿಗೆ ಮೊದಲೇ ಒಂದು ಮಾತು ಹೇಳಿ ಬಾಯಿ ಕಟ್ಟಬಹುದಿತ್ತು, ಬೇಕೆಂದೇ ಹೇಳಿರಲಿಲ್ಲ.

ಎರಡನೆಯ ದಿನ ಕೆಲಸ ಮುಗಿಸಿ ಬಂದಾಗ ಅವ್ವ ಜಯಮ್ಮನವರ ಜೊತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. “ನಿಮ್ಮ ಸೊಸಿಗೆ ಎಡಕೋ, ಬಲಕೋ?” ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಊರಿನಿಂದ ಫೋನ್ ಬಂತು. ಕಾಳು ಬಿಡಿಸುತ್ತಲೇ, “ಹೂಂನವ್ವಾ, ವಿಧಾನಸೌಧ ನೋಡಿದ್ವಿ, ಲಾಲ್‌ಬಾಗ್ ನೋಡಿದ್ವಿ, ಏನ್ ದೊಡ್ಡದವ್ವಾ!” ಎಂದಳು. ಕೋಗಿಲು ಬಿಟ್ಟು ಅವಳು ಆಚೆ ಹೋಗಿರಲಿಲ್ಲ. ಜಯಮ್ಮ ಬಾಯಿ ಮುಚ್ಚಿಕೊಂಡು ನಕ್ಕರು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅಕ್ಕನ ಫೋನ್ ಬಂತು. ಅವ್ವನಿಗೆ ನೋಡುವ ಸ್ಥಳಗಳು ಮುಗಿದುಹೋಗಿದ್ದವು. “ನಿನ್ನ ತಂಗೀನ್ನ ಕೇಳು” ಎಂದು ನನ್ನ ಕೈಗೆ ಕೊಟ್ಟು, ಕಣ್ಣಲ್ಲೇ ಬೇಡ ಬೇಡ ಎಂದಳು.

“ಏನೇನ್ ನೋಡಿದ್ರಿ ನಿನ್ನೆ?” ಅಕ್ಕ ಕೇಳಿದಳು.

ಹೊಲಿಗೆ ಹಾಕಿದ ಕಡೆ ಎಳೆಯುತ್ತಿತ್ತು. ಸುಳ್ಳು ಹೇಳಲು ಬೇಕಾದಷ್ಟು ಉಸಿರು ನನ್ನಲ್ಲಿರಲಿಲ್ಲ. “ಏನೂ ನೋಡಿಲ್ಲಕ್ಕಾ. ಆಸ್ಪತ್ರ್ಯಾಗ ಅದೇನಿ” ಎಂದು ಶುರುಮಾಡಿ, ಹತ್ತು ವರ್ಷದ ನೋವು, ಗಂಟು, ಗುಳಿಗೆ, ದೀಪಾವಳಿಯಲ್ಲಿ ನಾನು ಹೊರಗಾಗಿರಲಿಲ್ಲ ಎನ್ನುವುದು, ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿದೆ. ಅವ್ವ ಗೋಡೆಗೆ ಮುಖ ತಿರುಗಿಸಿದಳು.

ಅಕ್ಕ ಸಣ್ಣಗೆ ಅಂದಳು, “ಗಿರಿಜಾ… ಫೋನ್ ಸ್ಪೀಕರ್‌ನ್ಯಾಗ ಐತಿ. ಅತ್ತಿ ಇಲ್ಲೇ ಅದಾರ.”

ನಾನೂ ಅವ್ವನೂ ಒಬ್ಬರನ್ನೊಬ್ಬರು ನೋಡಿದೆವು. ಅವ್ವನ ಮುಖ ಬಿಳಿಚಿಕೊಂಡಿತ್ತು. ಪಾತ್ರೆ ಸರಿದ ಸದ್ದಾಯಿತು, ಬಳೆ ಸದ್ದಾಯಿತು, ಬೀಗತಿಯ ದನಿ ಹತ್ತಿರ ಬಂತು.

“ಏನರ ಉಂಡಿಯೇನವ್ವಾ?”

“ಗಂಜಿ ಕುಡದೇನ್ರಿ.”

“ಹೂಂ. ಹೊಲಿಗಿ ಒಣಗೂತನಾ ವಜ್ಜಿ ಎತ್ತಬ್ಯಾಡ.” ಮತ್ತೆ ಬಳೆ ಸದ್ದು. “ಆರತಿ ಉಳದೈತಿ ನಿಂದು. ಸಂಕ್ರಾಂತಿಗೆ ನಮ್ಮನಿಗೆ ಬಾ.” ಹೂಂ ಎಂದೆ.

ಅದು ಕರೆಯೋ, ಮರ್ಯಾದೆಗೆ ಆಡಿದ ಮಾತೋ, ಫೋನ್ ಇಟ್ಟ ಮೇಲೆ ಅವರು ಅಕ್ಕನಿಗೆ ಏನಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಮಾತ್ರ ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ನನ್ನ ಕಾಲು ಒತ್ತುವುದನ್ನೂ ಬಿಡಲಿಲ್ಲ.

ಕೋಗಿಲಿಗೆ ವಾಪಸ್ ಬಂದಾಗ ಜಯಮ್ಮನವರು ಕೊಬ್ಬರಿ ಬಟ್ಟಲು ಬಿಸಿಲಿಗಿಡುತ್ತಿದ್ದರು. ಸಂಕ್ರಾಂತಿಗೆ ಎಳ್ಳು ಬೀರುವುದು, ಅಂದರೆ ಎಳ್ಳು ಬೆಲ್ಲ ಕಲಸಿ ಮನೆಮನೆಗೆ ಹಂಚುವುದು, ಇಲ್ಲಿನ ದೊಡ್ಡ ಕೆಲಸ. “ಅಷ್ಟೊತ್ಗೆ ಚೆನ್ನಾಗಾಗ್ತೀಯ. ಕೊಬ್ರಿ ಎಚ್ಚೋದು ನಿನ್ಗೇ ಬಿಟ್ಟೀವ್ನಿ, ನೀನು ಒಂದೇ ಸಮ ಎಚ್ತೀಯ” ಎಂದರು.

ಹೂಂ ಅಂದೆ. ಬೀಗತಿಗೂ ಹೂಂ ಅಂದಿದ್ದೆ. ಅವ್ವ ಎರಡನ್ನೂ ಕೇಳಿಸಿಕೊಂಡು, ಚೀಲ ಕಟ್ಟುತ್ತ, “ಎಲ್ಲಿರ್ತಿ ಮತ್ತ?” ಎಂದಳು. ಸಂಕ್ರಾಂತಿಗೆ ಇನ್ನೂ ಮೂರು ವಾರವಿದೆ. ಟಿಕೆಟ್ ಇನ್ನೂ ಮಾಡಿಸಿಲ್ಲ.